ಪಂಚಾಯಿತಿ ಖರ್ಚಿನ ಲೆಕ್ಕ ನೆಟ್‌ನಲ್ಲಿದೆ, ಆದರೆ ಊರವರಿಗೆ ಅರ್ಥ ಆಗ್ತಿಲ್ಲ. ಸರಿಯಾಗಿ ಹಾಕೋದು ಹೇಗೆ?

ಕೆರೆಏರಿ (ಚರ್ಚೆ ಆರಂಭಿಸಿದವರು)
ಎಲ್ಲರಿಗೂ ನಮಸ್ಕಾರ. ಒಂದು ಗ್ರಾಮ ಪಂಚಾಯಿತಿಯ ಕಳೆದ ಐದು ವರ್ಷದ ಖರ್ಚನ್ನ ಊರವರು ಮೊಬೈಲ್‌ನಲ್ಲೇ ನೋಡೋ ಹಾಗೆ ಒಂದೇ ಪುಟದಲ್ಲಿ ಹಾಕಬೇಕು ಅಂತ ಕೆಲಸ ಶುರುವಾಗಿದೆ. ಮಾಹಿತಿ ಇಲ್ಲ ಅನ್ನೋ ಹಾಗಿಲ್ಲ, ಚೂರುಚೂರಾಗಿ ಬಿದ್ದಿದೆ. ಕೇಂದ್ರದ ಇ-ಗ್ರಾಮಸ್ವರಾಜ್ ತಾಣದಲ್ಲಿ ಸ್ವಲ್ಪ, ರಾಜ್ಯದ ಪಂಚಾಯಿತಿ ಲೆಕ್ಕದ ತಂತ್ರಾಂಶ ಪಂಚತಂತ್ರದಲ್ಲಿ ಸ್ವಲ್ಪ, ನರೇಗಾ ತಾಣದಲ್ಲಿ ಬೇರೆ, ರಾಜ್ಯದ ಮಾಹಿತಿ ಕಣಜ ತಾಣದಲ್ಲಿ ಇನ್ನೊಂದು ರೂಪದಲ್ಲಿ. ಒಂದೇ ಚರಂಡಿಗೆ ಒಂದು ಕಡೆ 5 ಲಕ್ಷ, ಇನ್ನೊಂದು ಕಡೆ 4.83 ಲಕ್ಷ ತೋರಿಸ್ತಿದೆ. ಹೆಸರೂ ಒಂದೇ ಥರ ಇಲ್ಲ.
ಕೇಳೋದು ಮೂರು. ಯಾವ ತಾಣದ ಯಾವ ಪಟ್ಟಿಯಿಂದ ಶುರು ಮಾಡಬೇಕು? ಮೊತ್ತ ತಾಳೆ ಆಗದಿದ್ದರೆ ಯಾವುದನ್ನ ಹಾಕಬೇಕು? ಗುತ್ತಿಗೆದಾರರ, ಫಲಾನುಭವಿಗಳ ಹೆಸರು ಹಾಕಿದರೆ ಕಾನೂನಿನ ತೊಡಕು ಇದೆಯಾ?

ಲೆಕ್ಕಪತ್ರ_ತುಮಕೂರು
ಮೊದಲು ದುಡ್ಡು ಎಲ್ಲಿಂದ ಬಂತು ಅಂತ ಬೇರ್ಪಡಿಸಿ, ಆಮೇಲೆ ತಾಣ ಹುಡುಕಿ. ಗ್ರಾಮ ಪಂಚಾಯಿತಿಗೆ ಮುಖ್ಯವಾಗಿ ಕೇಂದ್ರ ಹಣಕಾಸು ಆಯೋಗದ ಅನುದಾನ, ರಾಜ್ಯದ ಶಾಸನಬದ್ಧ ಅನುದಾನ, ನರೇಗಾ, ಮತ್ತೆ ಮನೆ ಕಂದಾಯ, ನೀರಿನ ಕರ, ಲೈಸೆನ್ಸ್ ಶುಲ್ಕದಿಂದ ಬರೋ ಸ್ವಂತ ಸಂಪನ್ಮೂಲ.
ಹಣಕಾಸು ಆಯೋಗದ ದುಡ್ಡಿಗೆ ಇ-ಗ್ರಾಮಸ್ವರಾಜ್ ನೋಡಿ. ಅದು 2020ರ ಏಪ್ರಿಲ್ 24ರಂದು ಶುರುವಾಗಿದ್ದು. ಲಾಗಿನ್ ಬೇಡ. ವರ್ಷ, ರಾಜ್ಯ, ಜಿಲ್ಲೆ, ತಾಲ್ಲೂಕು, ಪಂಚಾಯಿತಿ ಆರಿಸಿ ಎರಡು ಪಟ್ಟಿ ಇಳಿಸಿಕೊಳ್ಳಿ: ಅನುಮೋದಿತ ಕ್ರಿಯಾ ಯೋಜನೆ ಒಂದು, ಪಾವತಿ ವೋಚರ್ ಪಟ್ಟಿ ಇನ್ನೊಂದು. ಎರಡನ್ನೂ ಜೋಡಿಸೋದು ಚಟುವಟಿಕೆ ಸಂಕೇತದಿಂದ, ಹೆಸರಿನಿಂದ ಅಲ್ಲ. ಹೆಸರಿನಿಂದ ಜೋಡಿಸೋಕೆ ಹೋದರೆ "ಸಿ.ಸಿ. ಚರಂಡಿ ನಿರ್ಮಾಣ" ಅನ್ನೋದೇ ಒಂದು ವರ್ಷದಲ್ಲಿ ಎಂಟು ಸಲ ಸಿಗುತ್ತೆ.
2021ರಿಂದ 2026ರವರೆಗಿನ 15ನೇ ಆಯೋಗದ ಅನುದಾನದಲ್ಲಿ 60 ಭಾಗ ನಿರ್ಬಂಧಿತ (ಕುಡಿಯುವ ನೀರಿಗೆ 30, ನೈರ್ಮಲ್ಯಕ್ಕೆ 30), 40 ಭಾಗ ಅನಿರ್ಬಂಧಿತ. ಈ ವಿಂಗಡಣೆಗೆ ನಿಮ್ಮ ಪುಟದಲ್ಲಿ ಒಂದು ಕಾಲಂ ಇರಲೇಬೇಕು. ನೀರಿನ ದುಡ್ಡಿನಲ್ಲಿ ಕಾಂಪೌಂಡ್ ಗೋಡೆ ಎದ್ದಿದ್ದರೆ ಅಲ್ಲೇ ಗೊತ್ತಾಗುತ್ತೆ.

ಮುಂಡರಗಿ_ಗಾಳಿ
ಸ್ವಂತ ಸಂಪನ್ಮೂಲದ ಖರ್ಚೇ ಯಾರಿಗೂ ಕಾಣಂಗಿಲ್ರಿ. ಕೇಂದ್ರದ ರೊಕ್ಕದ ಮ್ಯಾಲೆ ಹತ್ತು ಕಣ್ಣ ಅದಾವ. ಸ್ವಂತ ರೊಕ್ಕದ ವರ್ಗ-1ರ ಖಾತೆಯೊಳಗ ಬಲ್ಬ್, ಮೋಟರ್ ರಿಪೇರಿ, ಬ್ಲೀಚಿಂಗ್ ಪೌಡರ್, ಟ್ಯಾಂಕರ್ ಬಾಡಗಿ ಅಂತ ಸಣ್ಣ ಸಣ್ಣ ವೋಚರ್ ಹೊಕ್ಕೊಂತ ಹೋಗ್ತಾವ. ಸೋರಿಕೆ ಹುಡುಕೋದಾದ್ರ ಅಲ್ಲಿಂದ ಶುರು ಮಾಡ್ರಿ.

ಲೆಕ್ಕಪತ್ರ_ತುಮಕೂರು
@ಮುಂಡರಗಿ_ಗಾಳಿ ನಿಜ. ಆ ವೋಚರ್‌ಗಳು ಪಂಚತಂತ್ರದಲ್ಲಿ ದಾಖಲಾಗುತ್ತವೆ, ಸಾರ್ವಜನಿಕರಿಗೆ ಕಾಣೋದು ಮೇಲ್ಮಟ್ಟದ ವರದಿ ಮಾತ್ರ. ವಿವರ ಬೇಕಾದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಲೇಬೇಕು. ಮೋಟರ್ ರಿಪೇರಿಗೆ ಒಂದು ಸುಲಭದ ಪರೀಕ್ಷೆ ಇದೆ: ಕೊಳವೆಬಾವಿವಾರು ಪಟ್ಟಿ ಮಾಡಿ. ಒಂದೇ ಬಾವಿಯ ಮೋಟರ್‌ಗೆ ವರ್ಷಕ್ಕೆ ನಾಲ್ಕು ಸಲ ವೈಂಡಿಂಗ್ ಬಿಲ್ ಇದ್ದರೆ, ವೋಲ್ಟೇಜ್ ತೊಂದರೆ ಇರಬೇಕು ಅಥವಾ ಬಿಲ್ಲೇ ಸುಳ್ಳಿರಬೇಕು. ಎರಡೂ ಊರಿಗೆ ಗೊತ್ತಾಗಬೇಕಾದ ವಿಷಯವೇ.

ಅಳತೆಪಟ್ಟಿ
5 ಲಕ್ಷ ಮತ್ತು 4.83 ಲಕ್ಷದ ವಿಷಯಕ್ಕೆ ಬರ್ತೀನಿ. ಇದು ತಪ್ಪೂ ಅಲ್ಲ, ಕಳ್ಳತನವೂ ಅಲ್ಲ, ಕಡಿತ. ಬಿಲ್ ಒಟ್ಟು 5,00,000 ಅಂದ್ಕೊಳ್ಳಿ. ಅದರಲ್ಲಿ ಕೆಲಸದ ಮೌಲ್ಯ 4,23,729, ಅದರ ಮೇಲೆ ಶೇ. 18 ಜಿಎಸ್‌ಟಿ 76,271. ಪಾವತಿ ಮಾಡೋವಾಗ ಜಿಎಸ್‌ಟಿ ಟಿಡಿಎಸ್ (ಮೂಲದಲ್ಲೇ ಹಿಡಿಯೋ ತೆರಿಗೆ) ಶೇ. 2 ಅಂದರೆ 8,475 ಹಿಡೀತಾರೆ (ಗುತ್ತಿಗೆ ಮೌಲ್ಯ ಎರಡೂವರೆ ಲಕ್ಷ ದಾಟಿದ್ದರೆ). ಆದಾಯ ತೆರಿಗೆ ಟಿಡಿಎಸ್ ವ್ಯಕ್ತಿಗೆ ಶೇ. 1, ಅಂದರೆ 4,237. ಕಟ್ಟಡ ಕಾರ್ಮಿಕರ ಸೆಸ್ ಶೇ. 1, ಇನ್ನೊಂದು 4,237. ಒಟ್ಟು ಕಡಿತ 16,949. ಉಳಿದಿದ್ದು 4,83,051. ಇದರ ಮೇಲೆ ಭದ್ರತಾ ಠೇವಣಿ, ಮರಳು-ಜಲ್ಲಿಯ ರಾಯಧನ ಹಿಡಿದರೆ ಇನ್ನೂ ಇಳಿಯುತ್ತೆ.
ಹಾಗಾಗಿ ಪುಟದಲ್ಲಿ ಒಂದೇ "ಮೊತ್ತ" ಕಾಲಂ ಇಡಬೇಡಿ. ಅಂದಾಜು, ಒಪ್ಪಂದದ ಮೊತ್ತ, ಬಿಲ್ಲಿನ ಒಟ್ಟು ಮೊತ್ತ, ಕಡಿತ, ನಿವ್ವಳ ಪಾವತಿ ಅಂತ ಐದು ಇಡಿ. ಇದಿಲ್ಲದೆ ಹಾಕಿದರೆ ಮೊದಲ ದಿನವೇ ಯಾರಾದರೂ "17 ಸಾವಿರ ಎಲ್ಲಿ ಹೋಯ್ತು" ಅಂತ ವಾಟ್ಸಾಪ್‌ನಲ್ಲಿ ಹರಿಬಿಡ್ತಾರೆ. ಸುಳ್ಳು ಆರೋಪ ಒಂದು ಬಂದರೆ ಇಡೀ ಪ್ರಯತ್ನದ ಮರ್ಯಾದೆ ಹೋಗುತ್ತೆ.

ಸುಮ್ನೆಓದುಗ
ಈ ಕಡಿತದ ಲೆಕ್ಕ ಇಷ್ಟು ಸ್ಪಷ್ಟವಾಗಿ ಎಲ್ಲೂ ನೋಡಿರಲಿಲ್ಲ. ಧನ್ಯವಾದ ಸರ್.

ಮಾಹಿತಿ_ಹತ್ತುರೂಪಾಯಿ
ಅರ್ಜಿ ಹಾಕೋರು ಪದೇಪದೇ ಎಡವೋದು ಎಲ್ಲಿ ಅಂದರೆ "ಐದು ವರ್ಷದ ಎಲ್ಲಾ ಖರ್ಚಿನ ವಿವರ ಕೊಡಿ" ಅಂತ ಬರೆಯೋದು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ಇದನ್ನ ಮೀರಿ ಬರೆದರೆ ವಾಪಸ್ ಕಳಿಸೋಕೆ ನೀವೇ ಕಾರಣ ಕೊಟ್ಟ ಹಾಗೆ. ಹೀಗೆ ಬರೀರಿ:
"2023-24ನೇ ಸಾಲಿನ ವರ್ಗ-1 ಖಾತೆಯ ನಗದು ಪುಸ್ತಕ ಮತ್ತು ಪಾವತಿ ವೋಚರ್‌ಗಳ ಪಟ್ಟಿ, ವಿದ್ಯುನ್ಮಾನ ರೂಪದಲ್ಲಿ, ಎಕ್ಸೆಲ್ ಕಡತವಾಗಿ."
ಒಂದು ವರ್ಷಕ್ಕೆ ಒಂದು ಅರ್ಜಿ, 10 ರೂಪಾಯಿ ಪೋಸ್ಟಲ್ ಆರ್ಡರ್. ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 2(ಜೆ) ವಿದ್ಯುನ್ಮಾನ ರೂಪದಲ್ಲಿ ಪಡೆಯೋ ಹಕ್ಕು ಕೊಡುತ್ತೆ. ಸೆಕ್ಷನ್ 7(9) ಪ್ರಕಾರ ಕೇಳಿದ ರೂಪದಲ್ಲೇ ಸಾಮಾನ್ಯವಾಗಿ ಕೊಡಬೇಕು. ಈ ಎರಡನ್ನೂ ಅರ್ಜಿಯಲ್ಲೇ ಬರೀರಿ. ಬರೆಯದಿದ್ದರೆ ಪುಟಕ್ಕೆ 2 ರೂಪಾಯಿಯಂತೆ ಜೆರಾಕ್ಸ್ ಕಟ್ಟು ಬರುತ್ತೆ. ಅದನ್ನ ಮತ್ತೆ ಟೈಪ್ ಮಾಡಬೇಕು.
30 ದಿನದಲ್ಲಿ ಉತ್ತರ ಬರದಿದ್ದರೆ ಅಲ್ಲಿಂದ 30 ದಿನದೊಳಗೆ ಮೊದಲ ಮೇಲ್ಮನವಿ, ಅದಾದ ಮೇಲೆ 90 ದಿನದೊಳಗೆ ಮಾಹಿತಿ ಆಯೋಗ. ತಾರೀಖು ತಪ್ಪಿದರೆ ಕೈಬಿಟ್ಟ ಹಾಗೆಯೇ. ಕ್ಯಾಲೆಂಡರ್‌ನಲ್ಲಿ ಬರೆದಿಡಿ.

ಹೊಳೆಸಾಲು
ಅರ್ಜಿ ಯಾಕೆ ಹಾಕಬೇಕು ಅನ್ನೋದೇ ನನ್ನ ತಕರಾರು. 2005ರ ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 4(1)(ಬಿ) ಅಡಿಯಲ್ಲಿ 17 ಬಾಬ್ತುಗಳನ್ನ ಕೇಳದೇನೇ ಪ್ರಕಟಿಸಬೇಕು. ಅದರಲ್ಲಿ 11ನೆಯದು ಬಜೆಟ್ ಹಂಚಿಕೆ ಮತ್ತು ವಿತರಣೆಯ ವರದಿ, 12ನೆಯದು ಸಹಾಯಧನ ಕಾರ್ಯಕ್ರಮಗಳ ಮೊತ್ತ ಮತ್ತು ಫಲಾನುಭವಿಗಳ ವಿವರ. 4(2) ಇನ್ನೂ ಮುಂದೆ ಹೋಗಿ, ಜನ ಈ ಕಾಯ್ದೆ ಬಳಸೋ ಪ್ರಮೇಯವೇ ಕಡಿಮೆಯಾಗೋ ಹಾಗೆ ತಾವಾಗಿಯೇ ಮಾಹಿತಿ ಕೊಡ್ತಾ ಇರಬೇಕು ಅನ್ನುತ್ತೆ. ನಾವು ಒಂದೊಂದು ವರ್ಷಕ್ಕೆ 10 ರೂಪಾಯಿ ಕಟ್ಟಿ ಕೇಳ್ತಾ ಹೋದರೆ, ಕೊಡೋದು ಅವರ ಉಪಕಾರ ಅಂತ ನಾವೇ ಒಪ್ಪಿಕೊಂಡ ಹಾಗಾಗುತ್ತೆ.

ಮಾಹಿತಿ_ಹತ್ತುರೂಪಾಯಿ
@ಹೊಳೆಸಾಲು ತತ್ವ ಸರಿ, ಪೂರ್ತಿ ಒಪ್ತೀನಿ. ಆದರೆ 4(1)(ಬಿ) ಪ್ರಕಟಿಸದಿದ್ದರೆ ನೇರ ದಂಡ ಇಲ್ಲ. ಸೆಕ್ಷನ್ 20ರ ದಿನಕ್ಕೆ 250 ರೂಪಾಯಿ, ಗರಿಷ್ಠ 25,000 ದಂಡ ಇರೋದು ಅರ್ಜಿಗೆ ಮಾಹಿತಿ ಕೊಡದಿದ್ದಾಗ. ಅದಕ್ಕೇ ಜಾಣತನ ಏನೆಂದರೆ, "ಸೆಕ್ಷನ್ 4(1)(ಬಿ) ಅಡಿ ಪ್ರಕಟಿಸಿರುವ ದಾಖಲೆಯ ಪ್ರತಿ ಕೊಡಿ" ಅಂತಲೇ ಅರ್ಜಿ ಹಾಕೋದು. ಪ್ರಕಟಿಸಿಲ್ಲ ಅಂತ ಬರಹದಲ್ಲಿ ಒಪ್ಪಿಕೊಳ್ಳಬೇಕಾಗುತ್ತೆ. ಆಯೋಗದ ಮುಂದೆ ಅದೇ ದಾಖಲೆ.

ಹೊಳೆಸಾಲು
ಇದು ಒಪ್ಪೋ ಮಾತು. ಆದರೂ ಕಾನೂನು ಹೇಗಿರಬೇಕು ಅನ್ನೋದಕ್ಕೆ ಸ್ಲೊವಾಕಿಯಾ ನೋಡಿ. ಅಲ್ಲಿ 2011ರಿಂದ ಸರ್ಕಾರಿ ಒಪ್ಪಂದ ಆನ್‌ಲೈನ್ ದಾಖಲೆಯಲ್ಲಿ ಪ್ರಕಟವಾಗೋವರೆಗೆ ಜಾರಿಗೇ ಬರೋದಿಲ್ಲ. ಪ್ರಕಟಿಸದಿದ್ದರೆ ಅಧಿಕಾರಿಗೆ ದಂಡ ಅನ್ನೋದಕ್ಕಿಂತ ಇದು ಎಷ್ಟೋ ಮೇಲು, ಯಾಕಂದರೆ ಪ್ರಕಟಣೆಗೆ ಗುತ್ತಿಗೆದಾರನೇ ದುಂಬಾಲು ಬೀಳ್ತಾನೆ. ನಮ್ಮಲ್ಲೂ "ಕಾರ್ಯಾದೇಶ ಪ್ರಕಟವಾಗದೆ ಬಿಲ್ ಇಲ್ಲ" ಅಂತ ಒಂದು ಸಾಲು ಬಂದರೆ ಸಾಕು.

ಕೋಶ_ಕೋಡ್
ಡೇಟಾ ಕೆಲಸ ಮಾಡೋರಿಗೆ ಕೆಲವು ಎಚ್ಚರಿಕೆ.
ಪಂಚಾಯಿತಿ ಹೆಸರಿನ ಮೇಲೆ ಏನನ್ನೂ ಜೋಡಿಸಬೇಡಿ. ಹೊಸಹಳ್ಳಿ, ಹೊಸಳ್ಳಿ, ಹೊಸಹಳ್ಳಿ ಕಾವಲ್, ಒಂದೊಂದು ತಾಣದಲ್ಲಿ ಒಂದೊಂದು ಕಾಗುಣಿತ. ಕೇಂದ್ರದ ಸ್ಥಳೀಯ ಸರ್ಕಾರಗಳ ಡೈರೆಕ್ಟರಿಯಲ್ಲಿ (ಎಲ್‌ಜಿಡಿ) ಪ್ರತಿ ಪಂಚಾಯಿತಿಗೂ ಒಂದು ಸಂಖ್ಯೆ ಇದೆ, ಅದನ್ನ ಮೊದಲ ಕಾಲಂ ಮಾಡಿ.
ಎಕ್ಸೆಲ್‌ನಲ್ಲಿ ತೆರೆಯೋ ಮುಂಚೆ ಸಂಕೇತದ ಕಾಲಂಗಳನ್ನೆಲ್ಲ "ಪಠ್ಯ" ಅಂತ ಆಮದು ಮಾಡಿಕೊಳ್ಳಿ. ಡಬಲ್ ಕ್ಲಿಕ್ ಮಾಡಿ ತೆರೆದರೆ ಮುಂದಿನ ಸೊನ್ನೆಗಳು ಹಾರಿಹೋಗುತ್ತವೆ, 15 ಅಂಕಿ ದಾಟಿದ ಸಂಖ್ಯೆಗಳ ಕೊನೆಯ ಅಂಕಿಗಳು ಸೊನ್ನೆಯಾಗುತ್ತವೆ. ಒಂದು ಸಲ ಉಳಿಸಿದಿರೋ, ಮೂಲ ವಾಪಸ್ ಬರಲ್ಲ. ಅದಕ್ಕೇ ಇಳಿಸಿಕೊಂಡ ಮೂಲ ಕಡತವನ್ನ ಮುಟ್ಟದೆ ಬೇರೆ ಫೋಲ್ಡರ್‌ನಲ್ಲಿ ಇಡಿ. ಕಡತದ ಹೆಸರಲ್ಲೇ ಇಳಿಸಿದ ದಿನಾಂಕ ಇರಲಿ.
ದಿನಾಂಕ: 04/03/2024 ಅನ್ನೋದು ಮಾರ್ಚ್ 4. ಅಮೆರಿಕ ಸೆಟ್ಟಿಂಗ್ ಇರೋ ಕಂಪ್ಯೂಟರ್ ಅದನ್ನ ಏಪ್ರಿಲ್ 3 ಮಾಡುತ್ತೆ. ಖರ್ಚು ಒಂದು ಹಣಕಾಸು ವರ್ಷದಿಂದ ಇನ್ನೊಂದಕ್ಕೆ ಜಿಗಿಯುತ್ತೆ. ಹಣಕಾಸು ವರ್ಷದ ಕೊನೆಯ ತಿಂಗಳಾದ ಮಾರ್ಚ್‌ನ ಪಾವತಿಗಳನ್ನೇ ನೀವು ಮುಖ್ಯವಾಗಿ ನೋಡಬೇಕಾಗಿರೋದರಿಂದ ಈ ತಪ್ಪು ದುಬಾರಿ.
ಇನ್ನು ಘಟಕ. ಕೆಲವು ವರದಿ ರೂಪಾಯಿಯಲ್ಲಿ, ಕೆಲವು ಲಕ್ಷದಲ್ಲಿ. ತಲೆಬರಹದ ಮೂಲೆಯಲ್ಲಿ ಸಣ್ಣಕ್ಕೆ ಬರೆದಿರುತ್ತೆ.

ಕೆರೆಏರಿ
ಲೆಕ್ಕಪರಿಶೋಧನಾ ವರದಿ ಕೆಲವು ಪಿಡಿಎಫ್ ಸಿಕ್ಕಿವೆ. ನಕಲು ಮಾಡಿ ಅಂಟಿಸಿದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಕ್ಕೆ ಕೊಂಬು-ಟೋಪಿ ಹಾಕಿದ ಥರ ಏನೇನೋ ಬರ್ತಿದೆ. ಹಾಳಾದ ಕಡತವಾ?

ಒತ್ತಕ್ಷರ
ಹಾಳಾಗಿಲ್ಲ, ಅದು ಹಳೇ ನುಡಿ ಫಾಂಟ್. ಯೂನಿಕೋಡ್ ಅಲ್ಲದ ನುಡಿಯಲ್ಲಿ ಟೈಪ್ ಮಾಡಿದ ಕಡತದೊಳಗೆ ಇರೋದು ಲ್ಯಾಟಿನ್ ಸಂಕೇತಗಳೇ, ಫಾಂಟ್ ಅದನ್ನ ಕನ್ನಡವಾಗಿ ತೋರಿಸುತ್ತೆ ಅಷ್ಟೆ. ನುಡಿಯಿಂದ ಯೂನಿಕೋಡ್‌ಗೆ ಬದಲಿಸೋ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಪರಿವರ್ತಿಸಿದ ಮೇಲೆ ಮೊದಲು ನೋಡಬೇಕಾದ್ದು ಅರ್ಕಾವತ್ತು. ಹಳೇ ಸಂಕೇತದಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತೆ, ಯೂನಿಕೋಡ್‌ನಲ್ಲಿ ರೇಫ ಮೊದಲು. ಪರಿವರ್ತಕ ಸರಿ ಇಲ್ಲದಿದ್ದರೆ "ಕಾರ್ಯ", "ನಿರ್ಮಾಣ", "ವರ್ಷ" ಎಲ್ಲ ಕೆಡುತ್ತವೆ, ಆಮೇಲೆ "ನಿರ್ಮಾಣ" ಅಂತ ಹುಡುಕಿದರೆ ಒಂದೂ ಸಿಗಲ್ಲ.
ಸ್ಕ್ಯಾನ್ ಮಾಡಿದ ಪಿಡಿಎಫ್ ಆದರೆ ಬೇರೆ ದಾರಿ: ಚಿತ್ರದಿಂದ ಅಕ್ಷರ ಓದೋ ಟೆಸರಾಕ್ಟ್ ತಂತ್ರಾಂಶದ ಕನ್ನಡ ಮಾದರಿ, ಚಿತ್ರ ಕನಿಷ್ಠ 300 ಡಿಪಿಐ. ಕನ್ನಡ ಅಂಕಿಗಳಲ್ಲಿ ಬರೆದ ದಾಖಲೆಯಾದರೆ ಸೊನ್ನೆಯನ್ನ ಅನುಸ್ವಾರ ಅಂತ ಓದುತ್ತೆ. ಕೋಷ್ಟಕದ ಕೆಳಗಿರೋ ಒಟ್ಟು ಮೊತ್ತಕ್ಕೆ ಸಾಲುಗಳ ಕೂಡುವಿಕೆ ತಾಳೆ ಆಗೋವರೆಗೆ ಆ ಪುಟವನ್ನ ನಂಬಬೇಡಿ.

ಸುಮ್ನೆಓದುಗ
2020ರ ನಂತರವೂ ಸರ್ಕಾರಿ ಕಚೇರಿಗಳಲ್ಲಿ ಯೂನಿಕೋಡ್ ಅಲ್ಲದ ಫಾಂಟ್ ಬಳಸ್ತಾರೆ ಅಂದರೆ ಬೇಸರ ಆಗುತ್ತೆ.

ಒತ್ತಕ್ಷರ
ಹಳೇ ಟೆಂಪ್ಲೇಟ್ ಕಡತವನ್ನೇ ವರ್ಷವರ್ಷವೂ ತೆರೆದು ಅಂಕಿ ಬದಲಿಸೋದೇ ಕಾರಣ. ಯೂನಿಕೋಡ್‌ನಲ್ಲಿ ಒಂದು ಖಾಲಿ ನಮೂನೆ ಮಾಡಿ ಆ ಕಚೇರಿಯ ಡೇಟಾ ಎಂಟ್ರಿ ಆಪರೇಟರ್‌ಗೆ ಕೊಟ್ಟುನೋಡಿ, ಸಂತೋಷವಾಗಿ ಬಳಸ್ತಾರೆ.

ವಾರ್ಡ್_ನೋಟ
ಹಳ್ಳಿಯ ಮಾತಿನ ನಡುವೆ ಬೆಂಗಳೂರಿನದ್ದು ಒಂದು. ಪಾಲಿಕೆ ಕಾಮಗಾರಿಗೆ ಜಾಬ್ ಕೋಡ್ ಇರುತ್ತೆ: ವಾರ್ಡ್ ಸಂಖ್ಯೆ, ವರ್ಷ, ಕ್ರಮ ಸಂಖ್ಯೆ. ಅಂದಾಜಿನಿಂದ ಪಾವತಿವರೆಗೆ ಅದೇ ಕೋಡ್ ನಡೆಯೋದರಿಂದ ಪಂಚಾಯಿತಿಗಿಂತ ಜೋಡಣೆ ಸುಲಭ. ತೊಂದರೆ ಎಂದರೆ ವಾರ್ಡ್‌ಗಳೇ ಬದಲಾದವು. 198 ಇದ್ದದ್ದು 2022ರಲ್ಲಿ 243 ಅಂತ ಆಯ್ತು, 2023ರಲ್ಲಿ 225, ಈಗ 2025ರ ಸೆಪ್ಟೆಂಬರ್‌ನಿಂದ ಐದು ಪಾಲಿಕೆ. ಹಳೇ 150ನೇ ವಾರ್ಡಿನ ರಸ್ತೆ ಇವತ್ತಿನ ಯಾವ ವಾರ್ಡಿನಲ್ಲಿದೆ ಅಂತ ಹೇಳೋ ತಾಳೆಪಟ್ಟಿ ಇಲ್ಲದೆ ಹತ್ತು ವರ್ಷದ ಹೋಲಿಕೆ ಸಾಧ್ಯವಿಲ್ಲ. ಹಳೇ ಪಾಲಿಕೆಯ ತಾಣ ಇರೋವಾಗಲೇ ಪುಟಗಳನ್ನ ಇಳಿಸಿಕೊಳ್ಳಿ.

ಕೋಶ_ಕೋಡ್
@ವಾರ್ಡ್_ನೋಟ ಹಳೇ ಪುಟ ಉಳಿಸಿಡೋ ಇಂಟರ್ನೆಟ್ ಆರ್ಕೈವ್‌ಗೆ ವಿಳಾಸ ಕೊಟ್ಟರೆ ಸಾಕು ಅಂದುಕೊಳ್ಳಬೇಡಿ. ಡ್ರಾಪ್‌ಡೌನ್ ಆರಿಸಿ, ಕ್ಯಾಪ್ಚಾ ಹಾಕಿ ಬರೋ ವರದಿಗೆ ತನ್ನದೇ ವಿಳಾಸ ಇರೋದಿಲ್ಲ. ಆರ್ಕೈವ್‌ನಲ್ಲಿ ಉಳಿಯೋದು ಖಾಲಿ ಫಾರ್ಮ್. ಅಂಥದ್ದನ್ನ ಕಡತವಾಗಿಯೇ ಇಳಿಸಬೇಕು.

ಅಳತೆಪಟ್ಟಿ
ಪಾವತಿ ಪಟ್ಟಿ ಒಂದೇ ಹಾಕಿದರೆ ಪ್ರಯೋಜನ ಕಡಿಮೆ ಅನ್ನೋದನ್ನ ಒತ್ತಿ ಹೇಳ್ತೀನಿ. ವೋಚರ್ ಹೇಳೋದು ದುಡ್ಡು ಯಾರಿಗೆ ಹೋಯ್ತು ಅಂತ ಮಾತ್ರ. ಕೆಲಸ ಆಯ್ತಾ ಅನ್ನೋದು ಇರೋದು ಅಳತೆ ಪುಸ್ತಕದಲ್ಲಿ, ಅಂದರೆ ಎಂ.ಬಿ.ಯಲ್ಲಿ. ಅದು ತಾಣಗಳಲ್ಲಿ ಸಾಮಾನ್ಯವಾಗಿ ಸಿಗೋದಿಲ್ಲ.
ಉದಾಹರಣೆಗೆ ಕಾಂಕ್ರೀಟ್ ರಸ್ತೆ: ಎಂ.ಬಿ.ಯಲ್ಲಿ 100 ಮೀಟರ್ ಉದ್ದ, 3 ಮೀಟರ್ ಅಗಲ, 15 ಸೆಂ.ಮೀ. ದಪ್ಪ ಅಂತ ಇದ್ದರೆ 45 ಘನ ಮೀಟರ್. ಉದ್ದ-ಅಗಲ ಟೇಪ್ ಹಿಡಿದರೆ ಯಾರಿಗಾದರೂ ಗೊತ್ತಾಗುತ್ತೆ, ಅದಕ್ಕೇ ಅಲ್ಲಿ ಮೋಸ ಕಡಿಮೆ. ಕದಿಯೋದು ದಪ್ಪದಲ್ಲಿ. 12 ಸೆಂ.ಮೀ. ಹಾಕಿದರೆ 36 ಘನ ಮೀಟರ್, ಐದನೇ ಒಂದು ಭಾಗ ಉಳಿತಾಯ. ಅಂಚಿನಲ್ಲಿ ಅಳೆದರೆ ಸಾಲದು, ಅಂಚಿಗೆ ಹಲಗೆ ಕಟ್ಟಿರೋದರಿಂದ ಅಲ್ಲಿ ದಪ್ಪ ಸರಿಯಾಗೇ ಕಾಣುತ್ತೆ. ನಡುವೆ ಕೊಳಾಯಿಗೆ ಅಗೆದ ಜಾಗ ಇದ್ದರೆ ಅಲ್ಲಿ ನೋಡಿ, ಇಲ್ಲವಾದರೆ ಕೋರ್ (ಯಂತ್ರದಿಂದ ಕೊರೆದ ಕಾಂಕ್ರೀಟ್ ತುಂಡು) ತೆಗೆಸಬೇಕು. ಸೆಕ್ಷನ್ 2(ಜೆ)ಯಲ್ಲಿ ಕಾಮಗಾರಿ ಪರಿಶೀಲನೆ ಮತ್ತು ಪ್ರಮಾಣೀಕೃತ ಮಾದರಿ ಪಡೆಯೋ ಹಕ್ಕೂ ಇದೆ, ಬಹಳ ಜನಕ್ಕೆ ಗೊತ್ತಿಲ್ಲ.

ಮುಂಡರಗಿ_ಗಾಳಿ
ಒಂದ ಕೆಲಸಕ್ಕ ಎರಡು ಕಡೆ ಬಿಲ್ ಎತ್ತೋದು ಹೆಂಗ ಹಿಡೀಬೇಕು? ನರೇಗಾದಾಗೂ ಅದ, ಹಣಕಾಸು ಆಯೋಗದಾಗೂ ಅದ ಚರಂಡಿ.

ಕೋಶ_ಕೋಡ್
ಜಿಯೋಟ್ಯಾಗ್. ಎರಡೂ ಕಡೆ ಕಾಮಗಾರಿಯ ಅಕ್ಷಾಂಶ-ರೇಖಾಂಶ ದಾಖಲಾಗುತ್ತೆ. 30 ಮೀಟರ್ ಒಳಗಿನ ಜೋಡಿಗಳನ್ನ ಹೊರತೆಗೆದು ಫೋಟೊ ಪಕ್ಕಪಕ್ಕ ಇಟ್ಟುನೋಡಿ. ಆದರೆ ಸಿಕ್ಕ ತಕ್ಷಣ ಕಳ್ಳತನ ಅಂತ ತೀರ್ಮಾನಿಸಬೇಡಿ. ಎರಡು ಯೋಜನೆಯ ದುಡ್ಡನ್ನ ಸೇರಿಸಿ ಒಂದು ಕೆಲಸ ಮಾಡೋದಕ್ಕೆ ಒಗ್ಗೂಡಿಸುವಿಕೆ ಅಂತ ಅನುಮತಿ ಇದೆ. ಕ್ರಿಯಾ ಯೋಜನೆಯಲ್ಲಿ ಹಾಗೆ ಬರೆದಿದೆಯಾ ಅಂತ ಮೊದಲು ನೋಡಿ. ಬರೆದಿಲ್ಲ, ಎರಡೂ ಎಂ.ಬಿ.ಯಲ್ಲಿ ಒಂದೇ ಉದ್ದ ಇದೆ ಅಂದರೆ ಆಗ ಕೇಳೋ ಪ್ರಶ್ನೆ ಗಟ್ಟಿ.

ಲೆಕ್ಕಪತ್ರ_ತುಮಕೂರು
ಇನ್ನೊಂದು ಗುರುತು: ಒಂದೇ ರಸ್ತೆಯನ್ನ "ಅವರ ಮನೆಯಿಂದ ಇವರ ಮನೆವರೆಗೆ" ಅಂತ ಮೂರು ತುಂಡು ಮಾಡಿ, ಪ್ರತಿ ತುಂಡೂ ಟೆಂಡರ್ ಮಿತಿಗೆ ಸ್ವಲ್ಪ ಕೆಳಗೆ. ಮೊತ್ತದ ಕಾಲಂ ಏರಿಕೆ ಕ್ರಮದಲ್ಲಿ ಜೋಡಿಸಿದರೆ ಮಿತಿಯ ಕೆಳಗೆ ಗುಂಪಾಗಿ ಕಾಣಿಸುತ್ತವೆ. ಟೆಂಡರ್ ಕರೆದದ್ದು ರಾಜ್ಯದ ಟೆಂಡರ್ ತಾಣ ಕೆಪಿಪಿಪಿಯಲ್ಲಿ ಸಿಗುತ್ತೆ. ರಾಜ್ಯದ 1999ರ ಟೆಂಡರ್ ಪಾರದರ್ಶಕತೆ ಕಾಯ್ದೆಯ 4(ಜಿ) ವಿನಾಯಿತಿಯಲ್ಲಿ ನೇರವಾಗಿ ಒಂದು ಸಂಸ್ಥೆಗೆ ವಹಿಸಿದ ಕೆಲಸಗಳು ಅಲ್ಲಿ ಇರೋದಿಲ್ಲ. "ತಾಣದಲ್ಲಿಲ್ಲ" ಅಂದಮಾತ್ರಕ್ಕೆ ಅಕ್ರಮ ಅಲ್ಲ, ವಿನಾಯಿತಿ ಆದೇಶದ ಪ್ರತಿ ಕೇಳಿ.

ಹೊಳೆಸಾಲು
ಹೆಸರಿನ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಗುತ್ತಿಗೆದಾರನ ಹೆಸರು ಹಾಕಲೇಬೇಕು. ಸಾರ್ವಜನಿಕ ದುಡ್ಡು ಪಡೆದವನ ಹೆಸರು ಖಾಸಗಿ ಹೇಗಾಗುತ್ತೆ?

ಅಂಗಳದ_ಮಾತು
ಗುತ್ತಿಗೆದಾರ ಸರಿ. ಆದರೆ ನರೇಗಾದಲ್ಲಿ ಕೂಲಿ ಮಾಡಿದ ಹೆಂಗಸಿನ ಹೆಸರು, ಜಾತಿ, ಬ್ಯಾಂಕ್ ವಿವರ ಸಮೇತ ಊರವರ ಮೊಬೈಲ್‌ಗೆ ಹೋಗಬೇಕಾ? ವಿಧವಾ ವೇತನ, ಅಂಗವಿಕಲರ ವೇತನದ ಪಟ್ಟಿಯಲ್ಲಿ ಇನ್ನೂ ಸೂಕ್ಷ್ಮ ಸಂಗತಿ ಇದೆ. ಪಾರದರ್ಶಕತೆಯ ಹೊರೆ ಬಡವರ ಮೇಲೆ ಮೊದಲು ಬೀಳಬಾರದು. ಇದನ್ನ ಬಿಟ್ಟುಕೊಡೋಕೆ ನಾನು ಸಿದ್ಧ ಇಲ್ಲ.

ಮಾಹಿತಿ_ಹತ್ತುರೂಪಾಯಿ
ಇಬ್ಬರ ಮಾತಿಗೂ ಕಾನೂನಿನಲ್ಲಿ ಜಾಗ ಇದೆ. ಆಧಾರ್ ಸಂಖ್ಯೆ ಬಹಿರಂಗವಾಗಿ ಪ್ರಕಟಿಸೋ ಹಾಗಿಲ್ಲ, 2016ರ ಆಧಾರ್ ಕಾಯ್ದೆಯ 29(4). ಬ್ಯಾಂಕ್ ಖಾತೆ, ಫೋನ್ ನಂಬರ್ ನಿಮ್ಮ ಪುಟಕ್ಕೆ ಬೇಕಾಗಿಯೇ ಇಲ್ಲ, ಮೊದಲೇ ಅಳಿಸಿ.
ಹೆಸರಿನ ವಿಷಯ ಈಗ ಬಿಗಿಯಾಗಿದೆ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 44(3) ಮಾಹಿತಿ ಹಕ್ಕಿನ 8(1)(ಜೆ)ಯನ್ನೇ ಬದಲಿಸಿತು, 2025ರ ನವೆಂಬರ್‌ನಲ್ಲಿ ಜಾರಿಗೂ ಬಂತು. ಮುಂಚೆ, ಸಾರ್ವಜನಿಕ ಚಟುವಟಿಕೆಗೆ ಸಂಬಂಧವಿಲ್ಲದ, ಇಲ್ಲವೇ ವಿನಾಕಾರಣ ಖಾಸಗಿತನಕ್ಕೆ ಧಕ್ಕೆ ತರೋ ವೈಯಕ್ತಿಕ ಮಾಹಿತಿಗೆ ಮಾತ್ರ ವಿನಾಯಿತಿ ಇತ್ತು. ಸಂಸತ್ತಿಗೆ ನಿರಾಕರಿಸಲಾಗದ್ದನ್ನ ಜನರಿಗೂ ನಿರಾಕರಿಸಬಾರದು ಅನ್ನೋ ಮಾತೂ ಇತ್ತು. ಈಗ ವೈಯಕ್ತಿಕ ಮಾಹಿತಿ ಅಂದರೆ ಸಾಕು, ನಿರಾಕರಿಸಬಹುದು. ಇದು ದೊಡ್ಡ ನಷ್ಟ. ಉಳಿದಿರೋ ಆಸರೆ ಸೆಕ್ಷನ್ 8(2): ಸಾರ್ವಜನಿಕ ಹಿತ ಹೆಚ್ಚಿದ್ದರೆ ಕೊಡಬಹುದು. ಇನ್ಮುಂದೆ ಅರ್ಜಿಯಲ್ಲೇ 8(2) ಉಲ್ಲೇಖಿಸಿ ಹಿತ ಏನು ಅಂತ ಎರಡು ಸಾಲು ಬರೀರಿ. 4(1)(ಬಿ)ಯ 12ನೇ ಬಾಬ್ತು ಹಾಗೇ ಇದೆ, ಅದನ್ನೂ ಸೇರಿಸಿ.

ಅಂಗಳದ_ಮಾತು
ಹಾಗಾದರೆ ಪುಟದಲ್ಲಿ ಕೂಲಿಯನ್ನ ಕಾಮಗಾರಿವಾರು ಒಟ್ಟು ಮಾಡಿ: ಎಷ್ಟು ಮಾನವ ದಿನ, ಎಷ್ಟು ಮೊತ್ತ, ಎನ್‌ಎಂಆರ್ (ಕೂಲಿ ಹಾಜರಿ ಪಟ್ಟಿ) ಸಂಖ್ಯೆ. ಹೆಸರನ್ನ ಗ್ರಾಮಸಭೆಯಲ್ಲಿ ಓದಿಸಿ. ಅಲ್ಲಿ "ನಾನು ಆ ದಿನ ಕೆಲಸಕ್ಕೇ ಹೋಗಿಲ್ಲ" ಅಂತ ಎದ್ದು ಹೇಳೋಕೆ ಆಕೆಯೇ ಇರ್ತಾಳೆ. ರಾಜಸ್ಥಾನದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು 1994ರ ಡಿಸೆಂಬರ್‌ನಲ್ಲಿ ಕೋಟ್‌ಕಿರಾನಾದಲ್ಲಿ ಮಾಡಿದ ಜನಸುನ್ವಾಯಿಯ (ಬಹಿರಂಗ ಅಹವಾಲು ಸಭೆಯ) ಬಲ ಇದೇ ಆಗಿತ್ತು, ದಾಖಲೆಯನ್ನ ದಾಖಲೆಯಲ್ಲಿರೋ ಜನರ ಮುಂದೇ ಓದಿದರು.

ಹೊಳೆಸಾಲು
@ಅಂಗಳದ_ಮಾತು ಅಕ್ಕಾ, ಕೂಲಿಯವರ ವಿಷಯದಲ್ಲಿ ನಿಮ್ಮ ಮಾತು ಒಪ್ಪಿದೆ. ಸಾಮಗ್ರಿ ಪೂರೈಸಿದ ಅಂಗಡಿಗಳ ಹೆಸರಿಗೆ ಮಾತ್ರ ರಿಯಾಯಿತಿ ಬೇಡ.

ಕೆರೆಏರಿ
ಎಲ್ಲರಿಗೂ ಧನ್ಯವಾದ. ಈಗಿನ ತೀರ್ಮಾನ: ಎಲ್‌ಜಿಡಿ ಸಂಖ್ಯೆ, ಚಟುವಟಿಕೆ ಸಂಕೇತ, ಅನುದಾನದ ಬಗೆ, ಐದು ಮೊತ್ತ, ಗುತ್ತಿಗೆದಾರ, ಪಾವತಿ ದಿನಾಂಕ, ಎಂ.ಬಿ. ಸಂಖ್ಯೆ ಮತ್ತು ಪುಟ, ಸ್ಥಳದ ಫೋಟೊ. ಒಂದು ಕೊನೆಯ ಪ್ರಶ್ನೆ. ಜಮಾಬಂದಿ ದಿನ (ಪಂಚಾಯಿತಿ ಲೆಕ್ಕವನ್ನ ಊರವರ ಮುಂದೆ ತಪಾಸಣೆ ಮಾಡೋ ದಿನ) ಎಂ.ಬಿ. ತೋರಿಸ್ತಾರೆ, ಫೋಟೊ ತೆಗೆಯೋಕೆ ಬಿಡೋದಿಲ್ಲ ಅಂದರೆ?

ಮಾಹಿತಿ_ಹತ್ತುರೂಪಾಯಿ
ಜಗಳ ಬೇಡ. ಟಿಪ್ಪಣಿ ಮಾಡಿಕೊಳ್ಳೋದು, ಉದ್ಧೃತ ಭಾಗ ಮತ್ತು ದೃಢೀಕೃತ ಪ್ರತಿ ಪಡೆಯೋದು ಹಕ್ಕಿನಲ್ಲೇ ಇದೆ. ಅಲ್ಲೇ ಕೂತು ಎಂ.ಬಿ. ಸಂಖ್ಯೆ, ಪುಟ ಸಂಖ್ಯೆ, ಅಳತೆ, ಎಂಜಿನಿಯರ್ ಸಹಿ ಮಾಡಿದ ದಿನಾಂಕ ಬರ್ಕೊಳ್ಳಿ. ಮಾರನೇ ದಿನ ಅದೇ ಪುಟಗಳಿಗೆ ಅರ್ಜಿ ಹಾಕಿ. ಪುಟ ಸಂಖ್ಯೆ ಸಮೇತ ಕೇಳಿದಾಗ "ಲಭ್ಯವಿಲ್ಲ" ಅಂತ ಬರೆಯೋದು ಅವರಿಗೆ ಕಷ್ಟ.

ಅಳತೆಪಟ್ಟಿ
ಸಹಿಯ ದಿನಾಂಕವನ್ನ ಪಾವತಿ ದಿನಾಂಕದ ಪಕ್ಕ ಇಟ್ಟುನೋಡಿ. ಪಾವತಿ ಮೊದಲು, ಅಳತೆ ಆಮೇಲೆ ಅಂತ ಕಂಡರೆ ಆ ಪುಟದ ದೃಢೀಕೃತ ಪ್ರತಿಯನ್ನ ಎಲ್ಲಕ್ಕಿಂತ ಮೊದಲು ತಗೊಳ್ಳಿ.